ಗುಳಗಿ ಬಿಡಬ್ಯಾಡ್ರಿ, ತ್ರಾಸು ಮುಚ್ಚಿಡಬ್ಯಾಡ್ರಿ

(ಹುಬ್ಬಳ್ಳಿ-ಧಾರವಾಡ ಭಾಗದ ಮಹಿಳಾ ಸ್ವ-ಸಹಾಯ ಸಂಘಗಳ ಸದಸ್ಯರ ಸಭೆಯಲ್ಲಿ ಮೂರ್ಛೆ ರೋಗದ ಬಗ್ಗೆ ಮಾಡಿದ ಭಾಷಣದ ಬರಹ ರೂಪ)



ನಮ್ಮ ಸಭೆಗಳಲ್ಲಿ ನಾವು ಉಳಿತಾಯ, ಸಾಲ, ಬಡ್ಡಿ, ಹೈನುಗಾರಿಕೆ, ಹೊಲಿಗೆ ತರಬೇತಿ ಎಲ್ಲಾ ಮಾತಾಡ್ತೇವೆ. ಸಕ್ಕರೆ ಕಾಯಿಲೆ, ಬಿಪಿ ಬಗ್ಗೆನೂ ಈಗ ನಾಚಿಕೆ ಇಲ್ಲದೆ ಮಾತಾಡ್ತೇವೆ. ಆದರೆ ಫಿಟ್ಸ್ ಬಗ್ಗೆ ಮಾತ್ರ ಯಾರೂ ಬಾಯಿ ಬಿಡೋದಿಲ್ಲ. ಮನೆಯಲ್ಲಿ ಒಬ್ಬರಿಗೆ ಮೂರ್ಛೆ ಬ್ಯಾನಿ ಇದೆ ಅಂದರೆ ಅದು ಅಡುಗೆಮನೆ ಗೋಡೆ ದಾಟಿ ಹೊರಗೆ ಬರೋದಿಲ್ಲ. ಆದ್ದರಿಂದ ಇವತ್ತು ಇದೊಂದೇ ವಿಷಯ ಇಟ್ಟುಕೊಂಡು ಮಾತಾಡೋಣ. ನಾವು ಡಾಕ್ಟರ್ ಅಲ್ಲ. ಗುಳಗಿ ಬರೆಯೋದು, ಬದಲಿಸೋದು ಅವರ ಕೆಲಸ. ಗುಳಗಿ ನುಂಗುವ ಹೆಣ್ಣುಮಕ್ಕಳ ಜೊತೆ ನಿಲ್ಲೋದು ನಮ್ಮ ಕೆಲಸ.

ಇದು ಎಷ್ಟು ಮಂದಿಗೆ ಇರ್ತದೆ?

ನಮ್ಮ ರಾಜ್ಯದ ಯಳಂದೂರು ತಾಲ್ಲೂಕಿನಲ್ಲಿ ಬೆಂಗಳೂರಿನ ನರರೋಗ ತಜ್ಞ ಡಾ. ಕೆ.ಎಸ್. ಮಣಿ ಮತ್ತು ಅವರ ಸಂಗಡಿಗರು ಹಳ್ಳಿ ಹಳ್ಳಿ ತಿರುಗಿ ಲೆಕ್ಕ ಮಾಡಿದ್ದರು. ಸಾವಿರ ಜನರಲ್ಲಿ ಸುಮಾರು 5 ಮಂದಿಗೆ ಮೂರ್ಛೆ ರೋಗ ಕಂಡುಬಂತು. ಈಗ ನಮ್ಮ ಊರಿನ ಲೆಕ್ಕ ಹಾಕ್ರಿ. ನಾಲ್ಕು ಸಾವಿರ ಜನ ಇರುವ ಊರಿನಲ್ಲಿ ಇಪ್ಪತ್ತು ಮಂದಿ. ಅಂದರೆ ಒಂದು ಸಂಘ ಕಟ್ಟುವಷ್ಟು ಮಂದಿ! ಆದರೆ ನಮ್ಮ ಊರಲ್ಲಿ ಯಾರು ಅಂತ ಕೇಳಿದರೆ ಒಬ್ಬರ ಹೆಸರೂ ಹೊರಗೆ ಬರೋದಿಲ್ಲ. ಇಡೀ ಜಗತ್ತಿನಲ್ಲಿ ಸುಮಾರು 5 ಕೋಟಿ ಜನರಿಗೆ ಈ ರೋಗ ಇದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಸರಿಯಾದ ಔಷಧಿ ತಪ್ಪದೆ ತೆಗೆದುಕೊಂಡರೆ ನೂರರಲ್ಲಿ 70 ಮಂದಿ ಫಿಟ್ಸ್ ಇಲ್ಲದೆ ಬದುಕಬಹುದು ಅಂತಲೂ ಅದೇ ಸಂಸ್ಥೆ ಹೇಳುತ್ತದೆ. ಈ 70 ಅನ್ನುವ ಲೆಕ್ಕ ನೆನಪಿಟ್ಟುಕೊಳ್ಳ್ರಿ.

ಫಿಟ್ಸ್ ಅಂದರೆ ಏನು?

ನಮ್ಮ ಮೆದುಳಿನಲ್ಲಿ ಬಹಳ ಸಣ್ಣ ಪ್ರಮಾಣದ ವಿದ್ಯುತ್ ಹರಿದಾಡ್ತಿರ್ತದೆ. ಅದರಿಂದಲೇ ಕೈ ಕಾಲು ಆಡ್ತದೆ, ಮಾತು ಬರ್ತದೆ. ಆ ವಿದ್ಯುತ್ ಒಮ್ಮೆಲೇ ಹತೋಟಿ ತಪ್ಪಿದರೆ ಫಿಟ್ಸ್ ಬರುತ್ತದೆ. ಕೆಲವರು ಬಿದ್ದು ಕೈಕಾಲು ಸೆಳೀತಾರ, ಬಾಯಲ್ಲಿ ನೊರೆ ಬರ್ತದೆ. ಕೆಲವರು ಬೀಳೋದೇ ಇಲ್ಲ; ಒಂದು ನಿಮಿಷ ಎತ್ತಲೋ ನೋಡ್ತಾ ನಿಲ್ತಾರೆ, ತುಟಿ ಚಪ್ಪರಿಸ್ತಾರೆ, ಕರೆದರೆ ಓಗೊಡೋದಿಲ್ಲ. ಅದನ್ನು ನಾವು "ಗಾಳಿ ಸೋಂಕು" ಅಂತೀವಿ, "ಧಿಮಾಕು" ಅಂತೀವಿ. ಅದೂ ಫಿಟ್ಸ್ ಇರಬಹುದು.

ಕಾರಣ ಒಂದೇ ಅಲ್ಲ. ಹೆರಿಗೆ ವೇಳೆ ಮಗುವಿಗೆ ಉಸಿರು ಕಟ್ಟಿದ್ದು, ತಲೆಗೆ ಪೆಟ್ಟು, ಮೆದುಳು ಜ್ವರ, ಪಾರ್ಶ್ವವಾಯು ಹೀಗೆ ಎಷ್ಟೋ ಇವೆ. ಲಾಡಿಹುಳುವಿನ ಮೊಟ್ಟೆ ಹೊಟ್ಟೆಗೆ ಹೋಗಿ, ಅದರ ಮರಿ ಮೆದುಳಿನಲ್ಲಿ ಗಂಟು ಕಟ್ಟಿದರೂ ಫಿಟ್ಸ್ ಬರುತ್ತದೆ. ಈ ಮೊಟ್ಟೆ ಹೊಲಸು ನೀರು, ತೊಳೆಯದ ತರಕಾರಿ, ತೊಳೆಯದ ಕೈ ಮೂಲಕ ಬರೋದರಿಂದ ಮಾಂಸ ಮುಟ್ಟದವರಿಗೂ ಬರಬಹುದು. ಎಷ್ಟೋ ಜನರಿಗೆ ಕಾರಣವೇ ಸಿಗೋದಿಲ್ಲ. ಆದರೆ ಒಂದು ಮಾತು ಖರೆ: ಇದು ಶಾಪ ಅಲ್ಲ, ಅಂಟುರೋಗ ಅಲ್ಲ. ಫಿಟ್ಸ್ ಬಂದವರನ್ನು ಮುಟ್ಟಿದರೆ, ಅವರ ತಟ್ಟೆಯಲ್ಲಿ ಉಂಡರೆ ಯಾರಿಗೂ ಬರೋದಿಲ್ಲ.

ನಮ್ಮ ನಾಡಿನದೇ ಒಂದು ಬಗೆ: ಬಿಸಿನೀರಿನ ಫಿಟ್ಸ್

ತಲೆ ಮೇಲೆ ತಂಬಿಗೆಯಿಂದ ಸುಡುಸುಡು ನೀರು ಸುರುವಿಕೊಳ್ಳುವಾಗ ಕೆಲವರಿಗೆ ಫಿಟ್ಸ್ ಬರುತ್ತದೆ. ಬೇರೆ ದೇಶಗಳಲ್ಲಿ ಇದು ಅಪರೂಪ, ನಮ್ಮ ಕರ್ನಾಟಕದಲ್ಲಿ ಹೆಚ್ಚು. ಬೆಂಗಳೂರಿನ ನಿಮ್ಹಾನ್ಸ್ ವೈದ್ಯರು 1988ರಲ್ಲಿ ಇಂಥ 279 ರೋಗಿಗಳ ವಿವರ ಪ್ರಕಟಿಸಿದ್ದರು. ಎಣ್ಣೆ ಹಚ್ಚಿ, ಹಂಡೆ ನೀರು ಕಾಸಿ, ವಾರಕ್ಕೊಮ್ಮೆ ಮಕ್ಕಳಿಗೆ ತಲೆ ಎರೆಯುವ ಪದ್ಧತಿ ನಮ್ಮ ಮನೆಗಳಲ್ಲಿ ಇದೆ. ಮಗು ತಲೆ ಎರೆಯುವಾಗ ಮಂಕಾದರೆ, ಕಣ್ಣು ಮೇಲೆ ಮಾಡಿದರೆ "ನೀರಿಗೆ ಅಂಜಿತು" ಅಂತ ಬಿಡಬ್ಯಾಡ್ರಿ. ಡಾಕ್ಟರಿಗೆ ಹೇಳ್ರಿ. ನೀರು ಉಗುರುಬೆಚ್ಚಗೆ ಇರಲಿ, ತಲೆ ಮೇಲೆ ಒಮ್ಮೆಲೇ ಸುರುವಬ್ಯಾಡ್ರಿ. ಕೆಲವರಿಗೆ ತಲೆಸ್ನಾನಕ್ಕೆ ಮೊದಲು ಮಾತ್ರ ತೆಗೆದುಕೊಳ್ಳುವ ಗುಳಗಿಯನ್ನು ವೈದ್ಯರು ಕೊಡುತ್ತಾರೆ. ಕೆಲವರಿಗೆ ದಿನವೂ ಬೇಕಾಗುತ್ತದೆ.

ಹೆಸರು ಕೇಳಿದಾಗ ಆಗುವ ದುಃಖ

ಡಾಕ್ಟರು ಚೀಟಿ ಮೇಲೆ ರೋಗದ ಹೆಸರು ಬರೆದಾಗ ಭೂಮಿ ಬಾಯಿ ಬಿಟ್ಟಂಗ ಆಗ್ತದೆ. "ನನಗೇ ಯಾಕ?" "ಮದುವಿ ಹೆಂಗ?" "ಕೂಸಿಗೂ ಬರ್ತದೇನು?" ಅಂತ ನೂರು ಪ್ರಶ್ನೆ ಏಳ್ತವೆ. ರಾತ್ರಿ ನಿದ್ದೆ ಬರೋದಿಲ್ಲ. ನಿದ್ದೆ ಕೆಟ್ಟರೆ ಫಿಟ್ಸ್ ಇನ್ನೂ ಹೆಚ್ಚಾಗಬಹುದು. ಸಂತೆಯಲ್ಲಿ ಬೀಳ್ತೀನೇನೋ, ಬಸ್ಸಿನಲ್ಲಿ ಬೀಳ್ತೀನೇನೋ ಅಂತ ಹೊರಗೆ ಹೋಗೋದನ್ನೇ ಬಿಡ್ತಾರೆ. ಇದು ಮನಸ್ಸಿನ ಬಲ ಇಲ್ಲದವರಿಗೆ ಮಾತ್ರ ಆಗುವ ದುಃಖ ಅಲ್ಲ, ಯಾರಿಗಾದರೂ ಆಗುವಂಥದ್ದು. ಅವರಿಗೆ "ಧೈರ್ಯ ತಗೋ" ಅಂತ ಹೇಳಿ ಎದ್ದು ಬಂದರೆ ಸಾಲದು. ಅವರ ಜೊತೆ ಆಸ್ಪತ್ರೆಗೆ ಹೋಗೋಣ, ಸಭೆಗೆ ಕರೆತರೋಣ. ದುಃಖ ಬಹಳ ದಿನ ಉಳಿದರೆ, ಸಾಯೋ ಮಾತು ಬಂದರೆ, ಅದನ್ನೂ ವೈದ್ಯರಿಗೆ ಹೇಳಲೇಬೇಕು. 2022ರಲ್ಲಿ ಶುರುವಾದ ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು.

ಗುಳಗಿಯ ತ್ರಾಸು ಸುಳ್ಳಲ್ಲ

ಈಗ ಮುಖ್ಯ ಮಾತಿಗೆ ಬರೋಣ. ಫಿಟ್ಸ್ ಗುಳಗಿ ಬಿಟ್ಟುಬಿಟ್ಟ ಹೆಣ್ಣುಮಕ್ಕಳನ್ನು ಕೇಳಿದರೆ ಅವರು ಸೋಮಾರಿತನಕ್ಕೆ ಬಿಟ್ಟಿರೋದಿಲ್ಲ. "ಗುಳಗಿ ನುಂಗಿದರೆ ಮಧ್ಯಾಹ್ನದ ತನಕ ಜೋಂಪು, ರೊಟ್ಟಿ ಬಡಿಯಾಕ ಕೈ ಏಳೋದಿಲ್ಲ, ಅತ್ತಿ ಬೈತಾರ" ಅಂತಾರೆ. "ಕೂದಲು ಉದುರಿ ಹೆರಳು ಇಲಿ ಬಾಲ ಆಗೇದ" ಅಂತಾರೆ. ಹುಡುಗಿ "ಮುಖದ ಮ್ಯಾಲ ಕೂದಲು ಬಂದಾವು, ಕಾಲೇಜಿಗೆ ಹೆಂಗ ಹೋಗಲಿ" ಅಂತ ಅಳ್ತಾಳೆ. ಇವನ್ನು ನಾವು "ಅಷ್ಟಕ್ಕೆಲ್ಲಾ ಏನು" ಅಂತ ತಳ್ಳಿಹಾಕಬಾರದು. ಇವೆಲ್ಲಾ ಔಷಧಿಯ ಅಡ್ಡ ಪರಿಣಾಮಗಳೇ. ಒಂದೊಂದು ಗುಳಗಿಗೆ ಒಂದೊಂದು ತ್ರಾಸು ಇರ್ತದೆ. ಎಲ್ಲರಿಗೂ ಎಲ್ಲವೂ ಆಗೋದಿಲ್ಲ.

ಫಿನೋಬಾರ್ಬಿಟೋನ್: ಅಗ್ಗದ, ಹಳೆಯ ಔಷಧಿ. ಜೋಂಪು, ಮಂಕು. ಕೆಲವು ಮಕ್ಕಳಲ್ಲಿ ಹಠ, ಚಡಪಡಿಕೆ.

ಫೆನಿಟಾಯಿನ್: ಒಸಡು ಬಾತು ಹಲ್ಲಿನ ಮೇಲೆ ಬೆಳೆಯುವುದು, ಮುಖದ ಮೇಲೆ ಕೂದಲು. ಪ್ರಮಾಣ ಹೆಚ್ಚಾದರೆ ಕುಡಿದವರಂತೆ ತೂರಾಡುವುದು.

ಕಾರ್ಬಮಾಜೆಪಿನ್: ತಲೆ ತಿರುಗು, ಒಂದು ಎರಡಾಗಿ ಕಾಣುವುದು, ಮೈಮೇಲೆ ಗುಳ್ಳೆ.

ವ್ಯಾಲ್ಪ್ರೋಯೇಟ್: ತೂಕ ಏರುವುದು, ಕೂದಲು ಉದುರುವುದು, ಕೈ ನಡುಗುವುದು, ಮುಟ್ಟು ಏರುಪೇರಾಗುವುದು.

ಲೆವೆಟಿರಾಸಿಟಮ್: ಸಣ್ಣ ಮಾತಿಗೂ ಸಿಟ್ಟು, ಅಳು, ಬೇಸರ. "ಸೊಸಿ ಸ್ವಭಾವ ಕೆಟ್ಟೇತಿ" ಅನ್ನೋ ಮೊದಲು ಗುಳಗಿ ಚೀಟಿ ನೋಡ್ರಿ.

ಕ್ಲೋಬಜಾಮ್: ನಿದ್ದೆ ಮಂಪರು.

ಇವುಗಳಲ್ಲಿ ಬಹಳಷ್ಟಕ್ಕೆ ಉಪಾಯ ಇದೆ. ಜೋಂಪು ಮೊದಲ ಕೆಲವು ವಾರ ಹೆಚ್ಚಿದ್ದು ಆಮೇಲೆ ಕಡಿಮೆ ಆಗಬಹುದು. ಪ್ರಮಾಣ ಸ್ವಲ್ಪ ಇಳಿಸಬಹುದು, ಹೊತ್ತು ಬದಲಿಸಬಹುದು, ಗುಳಗಿಯನ್ನೇ ಬದಲಿಸಬಹುದು. ದಿನಾ ಎರಡು ಸಲ ಹಲ್ಲು ಚೆನ್ನಾಗಿ ಉಜ್ಜಿದರೆ ಒಸಡಿನ ತ್ರಾಸು ಕಡಿಮೆ ಇರ್ತದೆ. ಬಹಳ ವರ್ಷ ಗುಳಗಿ ನುಂಗುವವರಿಗೆ ಎಲುಬು ಸವೆಯದಂತೆ ಕ್ಯಾಲ್ಸಿಯಂ, ವಿಟಮಿನ್ ಡಿ ಬೇಕೇ ಅಂತ ಕೇಳಬಹುದು. ಆದರೆ ಇದೆಲ್ಲಾ ಆಗಬೇಕಾದರೆ ನಾವು ಬಾಯಿ ಬಿಡಬೇಕು. ಮುಖದ ಕೂದಲು, ಮುಟ್ಟಿನ ಮಾತು ಗಂಡಸು ಡಾಕ್ಟರ ಮುಂದೆ ಹೇಳಲು ಸಂಕೋಚವಾದರೆ ನರ್ಸಮ್ಮನಿಗೆ ಹೇಳ್ರಿ, ಇಲ್ಲವೇ ಚೀಟಿಯಲ್ಲಿ ಬರೆದು ಕೊಡ್ರಿ.

ಈ ತ್ರಾಸಿಗೆ ತಡ ಮಾಡಬ್ಯಾಡ್ರಿ

ಹೊಸ ಗುಳಗಿ ಶುರು ಮಾಡಿದ ಮೊದಲ ಎರಡು ತಿಂಗಳಲ್ಲಿ ಮೈಮೇಲೆ ಕೆಂಪು ದದ್ದು ಎದ್ದರೆ, ಅದರ ಜೊತೆ ಜ್ವರ, ಬಾಯಲ್ಲಿ ಹುಣ್ಣು, ಕಣ್ಣು ಕೆಂಪು ಆದರೆ, ಚರ್ಮ ಸುಲಿದರೆ, "ಉಷ್ಣ ಆಗೇದ" ಅಂತ ಎಳನೀರು ಕುಡಿದು ಕೂರಬ್ಯಾಡ್ರಿ. ಅದು ಜೀವಕ್ಕೆ ಅಪಾಯ. ಮುಂದಿನ ಗುಳಗಿ ನುಂಗುವ ಮೊದಲೇ, ಅದೇ ದಿನ, ಗುಳಗಿ ಪಾಕೀಟು ಕೈಯಲ್ಲಿ ಹಿಡಿದು ದೊಡ್ಡ ಆಸ್ಪತ್ರೆಗೆ ಹೋಗ್ರಿ. ವಿಪರೀತ ವಾಂತಿ, ಕಣ್ಣು ಹಳದಿ, ಎಬ್ಬಿಸಿದರೂ ಏಳದಂಥ ನಿದ್ದೆ ಕಂಡರೂ ಹಾಗೇ.

ತಾವೇ ಗುಳಗಿ ಬಿಟ್ಟರೆ ಏನಾಗ್ತದೆ?

ನಮ್ಮ ಸಂಘದ ಸಾಲದ ಲೆಕ್ಕ ನಮಗೆಲ್ಲಾ ಗೊತ್ತು. ಒಂದು ಕಂತು ತಪ್ಪಿದರೆ ಮುಂದಿನದು ಭಾರ ಆಗ್ತದೆ. ಗುಳಗಿಯೂ ಹಾಗೇ. ರಕ್ತದಲ್ಲಿ ಔಷಧಿ ಒಂದೇ ಮಟ್ಟದಲ್ಲಿ ಇದ್ದರೆ ಮಾತ್ರ ಮೆದುಳಿನ ವಿದ್ಯುತ್ ಹತೋಟಿಯಲ್ಲಿ ಇರ್ತದೆ. ಒಮ್ಮೆಲೇ ಬಿಟ್ಟರೆ ಮೊದಲಿಗಿಂತ ಜೋರಾಗಿ ಫಿಟ್ಸ್ ಬರಬಹುದು. ಒಂದರ ಹಿಂದೆ ಒಂದು, ನಿಲ್ಲದೆ ಬಂದು ಪ್ರಾಣವೇ ಹೋಗಬಹುದು. ಅಡ್ಡ ಪರಿಣಾಮದ ತ್ರಾಸಿಗೆ ಗುಳಗಿ ಬಿಟ್ಟವಳು ಒಲೆ ಮುಂದೆ ಬಿದ್ದು ಸುಟ್ಟುಕೊಂಡರೆ ಆ ಕಷ್ಟ ತ್ರಾಸಿಗಿಂತ ಹತ್ತು ಪಟ್ಟು.

ಹಾಗಾದರೆ ಜೀವನಪೂರ್ತಿ ನುಂಗಬೇಕೇ? ಎಲ್ಲರಿಗೂ ಹಾಗಿಲ್ಲ. ಎರಡು ವರ್ಷ ಇಲ್ಲವೇ ಅದಕ್ಕಿಂತ ಹೆಚ್ಚು ಕಾಲ ಒಂದೂ ಫಿಟ್ಸ್ ಬಾರದಿದ್ದರೆ ವೈದ್ಯರು ಪರೀಕ್ಷೆ ಮಾಡಿ, ಕೆಲವರಿಗೆ ತಿಂಗಳುಗಟ್ಟಲೆ ನಿಧಾನವಾಗಿ ಇಳಿಸುತ್ತಾ ನಿಲ್ಲಿಸುತ್ತಾರೆ. ಕೆಲವರಿಗೆ ಮುಂದುವರಿಸಬೇಕಾಗುತ್ತದೆ. ಈ ತೀರ್ಮಾನ ನಮ್ಮದಲ್ಲ, ನೆರೆಮನೆಯವರದ್ದೂ ಅಲ್ಲ. ಒಂದು ಹೊತ್ತು ಮರೆತರೆ ನೆನಪಾದ ಕೂಡಲೇ ನುಂಗ್ರಿ. ಮುಂದಿನ ಗುಳಗಿ ಹೊತ್ತು ಹತ್ತಿರ ಬಂದಿದ್ದರೆ ಎರಡೂ ಕೂಡಿಸಿ ನುಂಗಬ್ಯಾಡ್ರಿ.

ಯಳಂದೂರಿನ ಕಥೆ ಇನ್ನೂ ಮುಗಿದಿಲ್ಲ. ಅಲ್ಲಿ ಕಂಡುಹಿಡಿದ ರೋಗಿಗಳಿಗೆ ದುಬಾರಿ ಔಷಧಿ ಕೊಡಲಿಲ್ಲ. ಫಿನೋಬಾರ್ಬಿಟೋನ್ ಇಲ್ಲವೇ ಫೆನಿಟಾಯಿನ್, ಇವೆರಡೇ ಅಗ್ಗದ ಗುಳಗಿ ಕೊಟ್ಟು ಐದು ವರ್ಷ ನೋಡಿಕೊಂಡರು. ಅರ್ಧಕ್ಕಿಂತ ಹೆಚ್ಚು ಮಂದಿಗೆ ಫಿಟ್ಸ್ ನಿಂತಿತು. 2001ರಲ್ಲಿ ಇದು ಇಂಗ್ಲೆಂಡಿನ ಹೆಸರಾಂತ ವೈದ್ಯಕೀಯ ಪತ್ರಿಕೆ ಲ್ಯಾನ್ಸೆಟ್‌ನಲ್ಲಿ ಪ್ರಕಟವಾಯಿತು. ಗುಳಗಿ ತಪ್ಪಿಸಿದವರಲ್ಲಿ ಗುಣ ಕಡಿಮೆ ಅಂತಲೂ ಕಂಡುಬಂತು. ಕರ್ನಾಟಕದ ಹಳ್ಳಿಯ ಬಡವರು ಮಾಡಿ ತೋರಿಸಿದ್ದನ್ನು ನಾವು ಮಾಡಲಾರೆವೇ?

ಹರೆಯದವರು, ಬಸುರಿಯರು ಗಮನಿಸಬೇಕಾದದ್ದು

ವ್ಯಾಲ್ಪ್ರೋಯೇಟ್ ಗುಳಗಿ ಹೊಟ್ಟೆಯಲ್ಲಿರುವ ಕೂಸಿನ ಬೆನ್ನುಹುರಿ, ಬುದ್ಧಿ ಬೆಳವಣಿಗೆಗೆ ತೊಂದರೆ ಮಾಡಬಹುದು. ಮಕ್ಕಳಾಗುವ ವಯಸ್ಸಿನ ಹೆಣ್ಣುಮಕ್ಕಳಿಗೆ ಇದನ್ನು ಕೊಡಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ತಿಳಿಸಿದೆ. ಇದನ್ನು ಕೇಳಿ ಮನೆಗೆ ಹೋಗಿ ಗುಳಗಿ ಎಸೆಯಬ್ಯಾಡ್ರಿ! ಈಗಾಗಲೇ ನುಂಗುತ್ತಿರುವವರು ಚೀಟಿ ತೆಗೆದುಕೊಂಡು ಡಾಕ್ಟರ ಹತ್ತಿರ ಹೋಗಿ, "ನನಗ ಮಕ್ಕಳು ಬೇಕು, ಇದನ್ನ ಬದಲಿ ಮಾಡಾಕ ಬರ್ತದೇನ್ರಿ?" ಅಂತ ಕೇಳ್ರಿ. ಬಸುರಿ ಆದ ಮೇಲೆ ಅಲ್ಲ, ಆಗುವ ಮೊದಲೇ ಕೇಳ್ರಿ. ಫೋಲಿಕ್ ಆಸಿಡ್ ಗುಳಗಿಯನ್ನೂ ಮೊದಲೇ ಶುರು ಮಾಡಬೇಕು.

ಫೆನಿಟಾಯಿನ್, ಕಾರ್ಬಮಾಜೆಪಿನ್, ಫಿನೋಬಾರ್ಬಿಟೋನ್ ನುಂಗುವವರಿಗೆ ಮಾಲಾ-ಡಿ ಥರದ ಗರ್ಭನಿರೋಧಕ ಗುಳಗಿ ಪೂರಾ ಕೆಲಸ ಮಾಡದೆ ಇರಬಹುದು. ಅಂಥವರು ಕಾಪರ್-ಟಿ ಬಗ್ಗೆ ವಿಚಾರಿಸಬೇಕು.

"ಫಿಟ್ಸ್ ಇದ್ದವಳು ಹಡೀಬಾರದು" ಅನ್ನೋದು ತಪ್ಪು. ಇಂಥ ತಾಯಂದಿರಲ್ಲಿ ಬಹುತೇಕರು ಆರೋಗ್ಯವಂತ ಮಕ್ಕಳನ್ನೇ ಹಡೆಯುತ್ತಾರೆ. ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆಯಲ್ಲಿ 1998ರಿಂದ ಇದಕ್ಕಾಗಿಯೇ ಒಂದು ದಾಖಲಾತಿ ನಡೆದಿದೆ. ಬಸುರಿಯಲ್ಲಿ ಗುಳಗಿ ಬಿಡೋದು ತಾಯಿಗೂ ಕೂಸಿಗೂ ಅಪಾಯ. ಹೆರಿಗೆ ಆಸ್ಪತ್ರೆಯಲ್ಲೇ ಆಗಬೇಕು. ಸಾಮಾನ್ಯವಾಗಿ ಎದೆಹಾಲು ಕೊಡಬಹುದು. ಹಾಲು ಕುಡಿಸುವಾಗ ಕಟ್ಟೆ ಮೇಲೆ, ಕುರ್ಚಿ ಮೇಲೆ ಕೂರದೆ ನೆಲದ ಮೇಲೆ ಹಾಸಿಗೆ ಹಾಕಿ ಕೂಡ್ರಬೇಕು. ಕೂಸಿಗೆ ಎರೆಯುವಾಗ ಇನ್ನೊಬ್ಬರು ಜೊತೆಗಿರಬೇಕು. ರಾತ್ರಿ ತಾಯಿಗೆ ನಿದ್ದೆ ಸಿಗುವಂತೆ ಮನೆಯವರು ಕೂಸನ್ನು ಎತ್ತಿಕೊಳ್ಳಬೇಕು.

ಮದುವೆಯ ಮಾತು

1976ರಲ್ಲಿ ಹಿಂದೂ ವಿವಾಹ ಕಾಯ್ದೆಗೆ ಮಾಡಿದ ತಿದ್ದುಪಡಿಯಲ್ಲಿ, ಪದೇ ಪದೇ ಮೂರ್ಛೆ ಬರುವುದನ್ನು ಹುಚ್ಚಿನ ಜೊತೆ ಸೇರಿಸಿ ಮದುವೆಗೆ ಅಡ್ಡಿ ಅಂತ ಬರೆದಿದ್ದರು. 1970ರಲ್ಲಿ ಹುಟ್ಟಿದ ಭಾರತೀಯ ಅಪಸ್ಮಾರ ಸಂಘದವರು ಇದರ ವಿರುದ್ಧ ಹೋರಾಡಿದರು. 1999ರಲ್ಲಿ ಸಂಸತ್ತು ಮೂರ್ಛೆ ರೋಗ ಅನ್ನುವ ಆ ಪದವನ್ನೇ ತೆಗೆದುಹಾಕಿತು. ಕಾಯ್ದೆ ಬದಲಾಗಿ ಇಷ್ಟು ವರ್ಷವಾದರೂ ನಮ್ಮ ಮನಸ್ಸು ಬದಲಾಗಿಲ್ಲ. ಹುಡುಗನಿಗೆ ಫಿಟ್ಸ್ ಇದ್ದರೆ "ಮದುವಿ ಮಾಡಿದರ ಸರಿ ಹೋಗ್ತದ" ಅಂತೀವಿ, ಹುಡುಗಿಗೆ ಇದ್ದರೆ ಬಾಗಿಲು ಹಾಕ್ತೀವಿ. ಮದುವೆ ಮೂರ್ಛೆಗೆ ಔಷಧಿಯೂ ಅಲ್ಲ, ಅಡ್ಡಿಯೂ ಅಲ್ಲ.

ಮುಚ್ಚಿಟ್ಟು ಮದುವೆ ಮಾಡಬ್ಯಾಡ್ರಿ. ಮುಚ್ಚಿಟ್ಟರೆ ಗಂಡನ ಮನೆಯಲ್ಲಿ ಹುಡುಗಿ ಗುಳಗಿಯನ್ನು ಎಲ್ಲಿ ಇಡಬೇಕು? ಯಾವಾಗ ನುಂಗಬೇಕು? ನಾಲ್ಕು ದಿನ ತಪ್ಪಿಸ್ತಾಳೆ, ಐದನೇ ದಿನ ಎಲ್ಲರ ಮುಂದೆ ಬೀಳ್ತಾಳೆ. ಆಗ ರೋಗಕ್ಕಿಂತ ಸುಳ್ಳಿನ ಅಪವಾದ ದೊಡ್ಡದಾಗ್ತದೆ. ಮೊದಲೇ ಹೇಳಿ, ಡಾಕ್ಟರ ಹತ್ತಿರ ಎರಡೂ ಮನೆಯವರನ್ನು ಕೂಡಿಸಿ ಮಾತಾಡಿಸಿದರೆ ಒಪ್ಪುವ ಮನೆತನ ಸಿಗ್ತದೆ. ಒಪ್ಪದವರು ಹೋಗಲಿ.

ಎದುರಿಗೆ ಫಿಟ್ಸ್ ಬಂದರೆ

ಕೈಯಲ್ಲಿ ಕೀಲಿಕೈ, ಕಬ್ಬಿಣ ಕೊಡಬ್ಯಾಡ್ರಿ. ಚಪ್ಪಲಿ, ಉಳ್ಳಾಗಡ್ಡಿ ಮೂಸಿಸಬ್ಯಾಡ್ರಿ. ಬಾಯಲ್ಲಿ ಚಮಚ, ಬಟ್ಟೆ, ನೀರು ಹಾಕಬ್ಯಾಡ್ರಿ. ಕೈಕಾಲು ಒತ್ತಿ ಹಿಡಿಯಬ್ಯಾಡ್ರಿ. ಬೆಂಕಿ, ಕಲ್ಲು, ಕುಡಗೋಲು ದೂರ ಸರಿಸ್ರಿ. ತಲೆ ಕೆಳಗೆ ಸೀರೆ ಮಡಿಚಿ ಇಡ್ರಿ, ಕುತ್ತಿಗೆ ಹತ್ತಿರ ಬಿಗಿ ಸಡಿಲಿಸ್ರಿ. ಸೆಳೆತ ನಿಂತ ಮೇಲೆ ಒಂದು ಮಗ್ಗುಲಿಗೆ ಹೊರಳಿಸ್ರಿ, ಜೊಲ್ಲು ಹೊರಗೆ ಹೋಗಲಿ. ಗಡಿಯಾರ ನೋಡ್ರಿ. ಬಹಳಷ್ಟು ಫಿಟ್ಸ್ ಎರಡು ಮೂರು ನಿಮಿಷದಲ್ಲಿ ತಾನೇ ನಿಲ್ಲುತ್ತವೆ. 5 ನಿಮಿಷ ದಾಟಿದರೆ, ಎಚ್ಚರ ಬರುವ ಮೊದಲೇ ಮತ್ತೊಂದು ಬಂದರೆ, ಬಸುರಿಗೆ ಬಂದರೆ, ಮೊದಲ ಸಲ ಬಂದಿದ್ದರೆ, ಪೆಟ್ಟಾಗಿದ್ದರೆ 108ಕ್ಕೆ ಫೋನ್ ಮಾಡ್ರಿ. ಎಚ್ಚರ ಆದಾಗ ಸುತ್ತ ಗುಂಪು ಇರಬಾರದು. ಸೀರೆ ಸರಿ ಮಾಡಿ, "ಏನೂ ಆಗಿಲ್ಲ, ನಾವು ಇಲ್ಲೇ ಇದ್ದೇವೆ" ಅಂತ ಹೇಳ್ರಿ.

ಮನೆಯಲ್ಲಿ ಒಂದಿಷ್ಟು ಎಚ್ಚರ ಬೇಕು. ಬಚ್ಚಲ ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಬಾರದು. ಬಾವಿ, ಕೆರೆಗೆ ಒಬ್ಬರೇ ಹೋಗಬಾರದು. ಉರಿ ಒಲೆ ಮುಂದೆ ಒಬ್ಬರೇ ಕೂರದೆ ಜೊತೆಗಾರರು ಇರಬೇಕು. ಜಾಗರಣೆ, ನಿರಾಹಾರ ಉಪವಾಸ ಬೇಡ. ಕರ್ಪೂರ, ನೀಲಗಿರಿ ಎಣ್ಣೆ ಬಳಕೆಯಿಂದ ಕೆಲವರಿಗೆ ಫಿಟ್ಸ್ ಬಂದದ್ದನ್ನು ಬೆಂಗಳೂರಿನ ಸೇಂಟ್ ಜಾನ್ಸ್ ಆಸ್ಪತ್ರೆಯ ವೈದ್ಯರು ಗುರುತಿಸಿದ್ದಾರೆ. ಶೀತಕ್ಕೆ, ತಲೆನೋವಿಗೆ ಅವನ್ನು ಹಚ್ಚೋದು, ಮೂಸೋದು ಬಿಡ್ರಿ.

ಸಂಘದಿಂದ ಏನು ಮಾಡಬಹುದು?

ಮೊದಲನೆಯದು, ಪಾಸ್‌ಬುಕ್ ಇಟ್ಟಂತೆ ಒಂದು ಫಿಟ್ಸ್ ವಹಿ ಇಡ್ರಿ. ಯಾವ ದಿನ, ಎಷ್ಟು ಹೊತ್ತಿಗೆ, ಎಷ್ಟು ನಿಮಿಷ ಬಂತು. ಹಿಂದಿನ ರಾತ್ರಿ ನಿದ್ದೆ ಆಗಿತ್ತೇ, ಗುಳಗಿ ತಪ್ಪಿತ್ತೇ, ಮುಟ್ಟಿನ ದಿನವೇ. ಗುಳಗಿಯಿಂದ ಏನು ತ್ರಾಸು ಅಂತ ಬರೀರಿ. ಓದು ಬರದಿದ್ದರೆ ಮಕ್ಕಳ ಕೈಲಿ ಬರೆಸ್ರಿ. ಆಸ್ಪತ್ರೆಯಲ್ಲಿ ಡಾಕ್ಟರಿಗೆ ಸಿಗೋದು ಐದೇ ನಿಮಿಷ ಇರಬಹುದು. ಈ ವಹಿ ನಮ್ಮ ಪರವಾಗಿ ಮಾತಾಡ್ತದೆ.

ಎರಡನೆಯದು, ಗುಳಗಿ ಮುಗಿಯುವ ಒಂದು ವಾರ ಮೊದಲೇ ತರುವ ವ್ಯವಸ್ಥೆ. ಜಾತ್ರೆ, ಹಬ್ಬ, ತವರುಮನೆಗೆ ಹೋಗುವಾಗ ಗುಳಗಿ ಚೀಲದಲ್ಲಿ ಮೊದಲು ಇರಲಿ. ಧಾರವಾಡದ ಡಿಮ್ಹಾನ್ಸ್, ಧಾರವಾಡದ ಜಿಲ್ಲಾ ಆಸ್ಪತ್ರೆ, ಹುಬ್ಬಳ್ಳಿಯಲ್ಲಿ ನಾವೆಲ್ಲಾ ಕಿಮ್ಸ್ ಅಂತಲೇ ಕರೆಯುವ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆ ನಮಗೆ ಹತ್ತಿರದಲ್ಲೇ ಇವೆ. ಹೊರಗೆ ಕೊಳ್ಳುವವರು ಜನೌಷಧಿ ಕೇಂದ್ರದಲ್ಲಿ ವಿಚಾರಿಸಿದರೆ ಖರ್ಚು ಇಳೀತದೆ. ಆದರೆ ಕಂಪನಿ ಬದಲಾಗುವಾಗ ಡಾಕ್ಟರಿಗೆ ಒಂದು ಮಾತು ಹೇಳ್ರಿ. ರಾಜ್ಯ ಆರೋಗ್ಯ ಇಲಾಖೆ ನಿಮ್ಹಾನ್ಸ್ ಜೊತೆ ಸೇರಿ 2022ರಲ್ಲಿ ಮೆದುಳಿನ ಆರೋಗ್ಯದ ಕಾರ್ಯಕ್ರಮ ಶುರು ಮಾಡಿತು. ನಮ್ಮ ಭಾಗದಲ್ಲಿ ಇದರಿಂದ ಏನೇನು ಸೌಲಭ್ಯ ಸಿಗ್ತದೆ ಅಂತ ಆಶಾ ಕಾರ್ಯಕರ್ತೆಯರನ್ನು ಕೇಳ್ರಿ.

ಮೂರನೆಯದು, ಸ್ಕ್ಯಾನ್, ಇಇಜಿ ಪರೀಕ್ಷೆಗೆ ದುಡ್ಡಿಲ್ಲದೆ ಯಾರೂ ಖಾಸಗಿ ಬಡ್ಡಿಗೆ ಕೈ ಚಾಚಬಾರದು. ಸಂಘದ ಒಳಸಾಲದಲ್ಲಿ ಇದಕ್ಕೆ ಮೊದಲ ಜಾಗ ಕೊಡೋಣ. ಮದುವೆಗೆ ಸಾಲ ಕೊಡ್ತೇವೆ, ಎಮ್ಮೆಗೆ ಕೊಡ್ತೇವೆ, ಮೆದುಳಿಗೆ ಯಾಕೆ ಬೇಡ?

ನಾಲ್ಕನೆಯದು, ನವೆಂಬರ್ 17 ರಾಷ್ಟ್ರೀಯ ಅಪಸ್ಮಾರ ದಿನ. ಆ ತಿಂಗಳ ಸಭೆಯಲ್ಲಿ ಪ್ರತಿ ಸಂಘದಲ್ಲೂ ಪ್ರಥಮ ಚಿಕಿತ್ಸೆಯನ್ನು ಒಬ್ಬರನ್ನು ಮಲಗಿಸಿ ಮಾಡಿ ತೋರಿಸೋಣ. ಅತ್ತೆಯಂದಿರನ್ನೂ ಕರೆಯೋಣ.

ಅಕ್ಕ-ತಂಗಿಯರೇ, ಈ ಕೋಣೆಯಲ್ಲೇ ಒಬ್ಬರೋ ಇಬ್ಬರೋ ಇದನ್ನೆಲ್ಲಾ ಕೇಳುತ್ತಾ ತಲೆ ಬಗ್ಗಿಸಿ ಕೂತಿರಬಹುದು. ಅವರು ಇವತ್ತೇ ಎದ್ದು ಹೇಳಬೇಕು ಅಂತೇನಿಲ್ಲ. ಸಭೆ ಮುಗಿದ ಮೇಲೆ, ಇಲ್ಲವೇ ಬರುವ ವಾರ, ನಿಮಗೆ ನಂಬಿಕೆ ಇರುವ ಒಬ್ಬ ಸದಸ್ಯೆಗೆ ಹೇಳ್ರಿ. ಕೇಳಿಸಿಕೊಂಡವರು ಆ ಮಾತನ್ನು ನಲ್ಲಿ ಕಟ್ಟೆಗೆ ಒಯ್ಯಬ್ಯಾಡ್ರಿ, ಆಸ್ಪತ್ರೆಗೆ ಒಯ್ಯ್ರಿ.